ಜಪಾನಿಗೆ ಟಿಪ್ಸ್ ಓದ್ತೀರಿ, ವಿಜಯಪುರಕ್ಕೆ?

ಜಪಾನಿಗೆ ಹೊರಟವರ ಫೋನ್ ಒಮ್ಮೆ ತೆರೆದು ನೋಡಿ. ಅನ್ನದ ಬಟ್ಟಲಲ್ಲಿ ಕಡ್ಡಿಗಳನ್ನು ನೆಟ್ಟಗೆ ಚುಚ್ಚಿ ನಿಲ್ಲಿಸಬಾರದು, ಯಾಕಂದ್ರೆ ಅಲ್ಲಿ ಸತ್ತವರ ಮುಂದೆ ಎಡೆ ಇಡುವ ರೀತಿ ಅದು. ರೈಲಿನಲ್ಲಿ ಫೋನ್ ಹಿಡಿದು ಜೋರಾಗಿ ಮಾತಾಡಬಾರದು. ಮನೆಯೊಳಗೆ ಕಾಲಿಡುವ ಮುಂಚೆ ಬೂಟು ಬಿಚ್ಚಬೇಕು. ಹೋಟೆಲಿನಲ್ಲಿ ಟಿಪ್ಸ್ ಇಡಬಾರದು. ಇಂಥ ಹತ್ತಾರು ರೀಲ್ಸ್ ಸೇವ್ ಆಗಿರುತ್ತವೆ. ಒಳ್ಳೆಯದೇ. ಗೊತ್ತಿಲ್ಲದ ದೇಶ, ಗೊತ್ತಿಲ್ಲದ ರೀತಿ ರಿವಾಜು, ಮೊದಲೇ ತಿಳಿದುಕೊಂಡು ಹೋಗುವುದು ಜಾಣತನ.

ಅದೇ ಜನ ಬೆಂಗಳೂರಿನಿಂದ ವಿಜಯಪುರಕ್ಕೆ ಹೊರಟಾಗ ಏನು ಹುಡುಕುತ್ತಾರೆ? ಒಂದು ಹೋಟೆಲ್ ರೂಮು, ಗೋಳಗುಮ್ಮಟದ ಟೈಮಿಂಗ್ಸ್, ಅಷ್ಟೇ. “ನಮ್ಮ ರಾಜ್ಯ ತಾನೇ, ಕನ್ನಡ ತಾನೇ, ಅದಕ್ಕೇನು ತಯಾರಿ” ಎಂಬ ಧೈರ್ಯ. ಆದರೆ ಐನೂರು ಕಿಲೋಮೀಟರಿಗೂ ಹೆಚ್ಚು ದೂರ ಬಂದು ಇಳಿದ ಮೇಲೆ ಊಟ ಬೇರೆ, ಬಿಸಿಲು ಬೇರೆ, ಮಾತಿನ ಧಾಟಿ ಬೇರೆ, ಕಟ್ಟಡಗಳಂತೂ ಪೂರ್ತಿ ಬೇರೆ. ಪಾಸ್‌ಪೋರ್ಟ್ ಬೇಡ, ವೀಸಾ ಬೇಡ ಅನ್ನುವುದು ಬಿಟ್ಟರೆ ಇದೂ ಒಂದು ಹೊಸ ದೇಶವೇ.

ನಾನು ಹುಟ್ಟಿ ಬೆಳೆದದ್ದು ವಿಜಯಪುರದ ಜಲನಗರದಲ್ಲಿ, ಈಗ ಕೆಲಸ ಬೆಂಗಳೂರಿನಲ್ಲಿ. ವರ್ಷಕ್ಕೆ ಒಂದೆರಡು ಸಲ ಆಫೀಸಿನ ಯಾರಾದರೂ “ನಿಮ್ಮೂರಿಗೆ ಹೋಗ್ತಿದೀವಿ, ಏನೇನು ನೋಡ್ಬೇಕು?” ಅಂತ ಮೆಸೇಜ್ ಮಾಡುತ್ತಾರೆ. ನೋಡುವ ಜಾಗಗಳ ಪಟ್ಟಿ ಎಲ್ಲಿ ಬೇಕಾದರೂ ಸಿಗುತ್ತದೆ. ಹೇಗಿರಬೇಕು ಅನ್ನುವುದು ಸಿಗುವುದಿಲ್ಲ. ಅದಕ್ಕೇ ಅವರಿಗೆ ಹೇಳುತ್ತಾ ಬಂದಿದ್ದನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ಎಲ್ಲ ಟಿಪ್ಸ್‌ಗಳ ಹಿಂದೆ ಇರುವುದು ಒಂದೇ ಪ್ರಶ್ನೆ: ನಾನು ನಿಂತಿರುವ ಈ ಜಾಗ ಇಲ್ಲಿಯವರಿಗೆ ಏನು? ಗೋರಿಯೋ, ಪ್ರಾರ್ಥನೆಯ ಮನೆಯೋ, ಹೊಲವೋ, ಕುಡಿಯುವ ನೀರೋ? ಅದು ಗೊತ್ತಾದರೆ ಉಳಿದದ್ದನ್ನು ಬಾಯಿಪಾಠ ಮಾಡಬೇಕಿಲ್ಲ.

ಮೊದಲು ಸರಿಯಾದ ವಿಜಯಪುರಕ್ಕೆ ಟಿಕೆಟ್ ಮಾಡಿ

ತಮಾಷೆ ಅಲ್ಲ. ದೇವನಹಳ್ಳಿ ಹತ್ತಿರವೂ ಒಂದು ವಿಜಯಪುರ ಇದೆ. ಛತ್ತೀಸಗಡದಲ್ಲಿ ಒಂದು ಬಿಜಾಪುರ ಇದೆ. ಮ್ಯಾಪಿನಲ್ಲಿ, ಬಸ್ ಆ್ಯಪಿನಲ್ಲಿ ಹೆಸರು ಟೈಪ್ ಮಾಡಿದ ಮೇಲೆ ಜಿಲ್ಲೆ ಯಾವುದು ಅಂತ ಒಮ್ಮೆ ನೋಡಿಕೊಳ್ಳಿ. ನಮ್ಮೂರಿನ ಹೆಸರು ಅಧಿಕೃತವಾಗಿ ವಿಜಯಪುರ ಆಗಿದ್ದು 2014ರ ನವೆಂಬರ್ 1ರಂದು. ಊರಿನವರ ಬಾಯಲ್ಲಿ ಎರಡೂ ಹೆಸರು ಓಡಾಡುತ್ತವೆ. ನೀವು ಯಾವುದನ್ನು ಅಂದರೂ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಬರುವುದಾದರೆ ಅಕ್ಟೋಬರಿನಿಂದ ಫೆಬ್ರವರಿ ಒಳಗೆ ಬನ್ನಿ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಆಗ ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ ನಾವೇ ಹೊರಗೆ ಬರುವುದಿಲ್ಲ. ಚಳಿಗಾಲದಲ್ಲೂ ಬೆಳಿಗ್ಗೆ ಬೇಗ, ಸಂಜೆ ತಡವಾಗಿ ಓಡಾಡುವುದೇ ಸರಿ.

ನಾಲ್ಕುನೂರು ವರ್ಷದ ಹಿಂದಿನ ಒಬ್ಬ ಟೂರಿಸ್ಟು

ಈ ಊರಿಗೆ ಪರದೇಶಿಗಳು ಹೊಸಬರಲ್ಲ. ಅಕ್ಬರನ ದೂತನಾಗಿ 1603-04ರ ಸುಮಾರಿಗೆ ಅಸದ್ ಬೇಗ್ ಎಂಬಾತ ಇಲ್ಲಿಗೆ ಬಂದ. ಎರಡನೆಯ ಇಬ್ರಾಹಿಂ ಆದಿಲ್ ಶಾಹಿಯ ಕಾಲ ಅದು. ಆಗ್ರಾದಂಥ ಊರು ನೋಡಿದ್ದವನೂ ಇಲ್ಲಿನ ಬಜಾರು ನೋಡಿ ಬೆರಗಾಗಿ ಬರೆದಿಟ್ಟಿದ್ದಾನೆ. ತಂಬಾಕು ಅವನ ಕಣ್ಣಿಗೆ ಬಿದ್ದದ್ದೂ ಇಲ್ಲೇ. ಅದನ್ನೂ, ಸೇದುವ ಕೊಳವೆಯನ್ನೂ ಕಟ್ಟಿಸಿಕೊಂಡು ಹೋಗಿ ಅಕ್ಬರನ ಮುಂದೆ ಇಟ್ಟ. ಆಸ್ಥಾನದ ವೈದ್ಯರು ಬೇಡ ಅಂದರು. ಆ ವೈದ್ಯರ ಮಾತು ಕೇಳಿದ್ದರೆ ಎಷ್ಟೋ ಜನ ಬದುಕುತ್ತಿದ್ದರು, ಆ ಮಾತು ಬೇರೆ.

ಇದೇ ಇಬ್ರಾಹಿಮನ ಹತ್ತಿರ ಹಾಲೆಂಡಿನ ಹಾರ್ಲೆಮ್ ಊರಿನ ಕಾರ್ನೆಲಿಸ್ ಹೇಡಾ ಎಂಬ ಚಿತ್ರಕಾರ ಬಂದು ಸೇರಿಕೊಂಡ. ವಾಪಸ್ ತನ್ನ ದೇಶಕ್ಕೆ ಹೋಗಲೇ ಇಲ್ಲ, ಇಲ್ಲೇ ತೀರಿಕೊಂಡ.

ಇವರ ಕಥೆ ಯಾಕೆ ಹೇಳಿದೆ ಅಂದ್ರೆ, ಇವರಿಬ್ಬರೂ ಊರಿಗೆ ಸಮಯ ಕೊಟ್ಟರು. ಈಗ ಬರುವ ಬಹಳಷ್ಟು ಜನ ಮೂರು ಗಂಟೆ ಕೊಡುತ್ತಾರೆ. ಗಾಡಿ ನಿಲ್ಲಿಸಿ, ಗುಮ್ಮಟ ಹತ್ತಿ, ಕೂಗಿ, ಫೋಟೋ ತೆಗೆದು, ಆಲಮಟ್ಟಿ ಕಡೆಗೋ ಪಂಢರಪುರದ ಕಡೆಗೋ ಹೊರಟುಬಿಡುತ್ತಾರೆ. ಟಾಂಗಾ ಹೊಡೆಯುವ ಕಾಕಾಗೆ, ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ಅಕ್ಕನಿಗೆ ಆ ಮೂರು ಗಂಟೆಯಿಂದ ಏನೂ ಸಿಗುವುದಿಲ್ಲ. ಒಂದು ರಾತ್ರಿ ಉಳಿದರೆ ಸಿಗುತ್ತದೆ. ನನ್ನ ಜೊತೆ ಓದಿದ ಬಹಳಷ್ಟು ಜನ ಕೆಲಸಕ್ಕಾಗಿ ಬೆಂಗಳೂರು, ಪುಣೆ ಸೇರಿದ್ದಾರೆ. ಊರಿನಲ್ಲೇ ಇದ್ದು ಗೈಡ್ ಕೆಲಸವೋ ಹೋಟೆಲ್ಲೋ ನಡೆಸಿ ಬದುಕಬಹುದು ಅಂತ ಒಬ್ಬ ಹುಡುಗನಿಗೆ ಅನಿಸಬೇಕಾದರೆ ಬಂದವರು ಒಂದು ದಿನವಾದರೂ ನಿಲ್ಲಬೇಕು. ಹಾಗಾಗಿ ಎಲ್ಲ ಟಿಪ್ಸ್‌ಗಿಂತ ಮೊದಲ ಟಿಪ್: ಒಂದು ರಾತ್ರಿ ಉಳಿಯಿರಿ.

ಜಗಳ ಅಲ್ಲ, ಅದು ಮಾತು

ಬಸ್‌ಸ್ಟ್ಯಾಂಡಿನಲ್ಲಿ ಇಳಿದ ಕೂಡಲೇ ಇಬ್ಬರು ಜಗಳಾಡುತ್ತಿದ್ದಾರೆ ಅನಿಸಬಹುದು. ಸ್ವಲ್ಪ ನಿಂತು ಕೇಳಿದರೆ ಅವರು ಒಬ್ಬರಿಗೊಬ್ಬರು ಚಹಾ ಕುಡಿಸಲು ಒತ್ತಾಯ ಮಾಡುತ್ತಿರುತ್ತಾರೆ. ನಮ್ಮ ದನಿ ದೊಡ್ಡದು. ಮಾತು ನೇರ. ಸಿಟ್ಟು ಅಂತ ತಿಳಿಯಬೇಡಿ.

ನೀವು ಕಲಿಯಬೇಕಾದ ಅಕ್ಷರ ಒಂದೇ: “ರೀ”. ಹೌದ್ರೀ, ಇಲ್ರೀ, ಬರ್ರಿ, ಕೂಡ್ರಿ, ಎಷ್ಟ್ರೀ. ಮಾತಿನ ಕೊನೆಗೆ ಅದನ್ನು ಸೇರಿಸಿದರೆ ಅರ್ಧ ಕೆಲಸ ಆಯಿತು. ಆಟೋದವರಾಗಲಿ, ಚಪ್ಪಲಿ ಕಾಯುವವರಾಗಲಿ, “ಏನಪ್ಪಾ, ನೀನು ಬರ್ತೀಯಾ” ಅನ್ನುವ ಏಕವಚನ ಬೇಡ. ಬೆಂಗಳೂರಿನ “ಮಗಾ”, “ಗುರು” ಅಂತೂ ಗೊತ್ತಿಲ್ಲದವರ ಹತ್ತಿರ ಬೇಡವೇ ಬೇಡ. ನಿಮಗದು ಸಲಿಗೆ, ಇಲ್ಲಿ ಅದು ಉದ್ಧಟತನ. ಹಿರಿಯರಿಗೆ ಕಾಕಾ, ಅವ್ವಾರ. ಸ್ವಲ್ಪ ದೊಡ್ಡವರಿಗೆ ಅಣ್ಣಾರ, ಅಕ್ಕಾರ. ಮುಸ್ಲಿಂ ಹಿರಿಯರಿಗೆ ಚಾಚಾ ಅಂದರೆ ಸಂತೋಷಪಡುತ್ತಾರೆ.

ಕೆಲವು ಮಾತುಗಳು ದಾರಿ ತಪ್ಪಿಸುತ್ತವೆ. “ಫೋನ್ ಹಚ್ಚರಿ” ಅಂದರೆ ಫೋನ್ ಮಾಡಿ ಅಂತ, ಬೆಂಕಿ ಹಚ್ಚಲು ಹೇಳುತ್ತಿಲ್ಲ. “ಗಾಡಿ ಅಲ್ಲಿ ಹಚ್ಚರಿ” ಅಂದರೆ ಅಲ್ಲಿ ನಿಲ್ಲಿಸಿ. “ಹೊಳ್ಳಿ ಬರ್ರಿ” ಅಂದರೆ ಮರಳಿ ಬನ್ನಿ. “ಚಲೋ ಐತಿ” ಅಂದರೆ ಚೆನ್ನಾಗಿದೆ; ಹಿಂದಿಯ ಚಲೋ ಅಲ್ಲ.

ಇನ್ನು “ಅಲ್ಲೇ ಐತ್ರೀ”. ಇದು ದೂರ ಅಳೆಯುವ ಮಾತಲ್ಲ, ಧೈರ್ಯ ಹೇಳುವ ಮಾತು. ಅಲ್ಲೇ ಅಂದರೆ ನೂರು ಮೀಟರ್ ಇರಬಹುದು, ಮೂರು ಕಿಲೋಮೀಟರೂ ಇರಬಹುದು. “ನಡ್ಕೊಂಡ್ ಹೋಗಾಕ ಎಷ್ಟ ಹೊತ್ತ ಬೇಕ್ರೀ?” ಅಂತ ಕೇಳಿ. ಆಗ ನಿಜವಾದ ಉತ್ತರ ಬರುತ್ತದೆ.

ಹಳೇ ಊರಿನ ಓಣಿಗಳಲ್ಲಿ ದಖನಿ ಕೇಳಿಸುತ್ತದೆ. ಹೌದು ಅನ್ನಲು “ಹೌ”, ಬೇಡ ಅನ್ನಲು “ನಕ್ಕೋ”. ಎರಡನೆಯದು ಮರಾಠಿಯ ನೆಂಟ. ಒಂದೇ ಅಂಗಡಿಯಲ್ಲಿ ನಿಂತು ಮೂರು ಭಾಷೆ ಕೇಳಿದರೆ ಆಶ್ಚರ್ಯಪಡಬೇಡಿ.

ಮತ್ತೊಂದು ಮಾತು. ಪರಿಚಯವಾದ ಐದು ನಿಮಿಷಕ್ಕೆ “ಮದುವಿ ಆಗೈತೇನ್ರೀ? ಪಗಾರ ಎಷ್ಟ ಬರ್ತೈತಿ?” ಅಂತ ಕೇಳಬಹುದು. ನಮ್ಮ ಎಚ್‌ಆರ್ ಪಾಲಿಸಿ ಪ್ರಕಾರ ಇದು ಗುಟ್ಟಿನ ವಿಷಯ. ಇಲ್ಲಿ ಇದು ಅಕ್ಕರೆ. “ಹೊಟ್ಟಿ ತುಂಬೂವಷ್ಟು ಬರ್ತೈತ್ರೀ” ಅಂದುಬಿಡಿ. ನಗುತ್ತಾರೆ, ಮುಂದಿನ ಮಾತಿಗೆ ಹೋಗುತ್ತಾರೆ.

ಗುಮ್ಮಟದ ಕೆಳಗೆ ಯಾರೋ ಮಲಗಿದ್ದಾರೆ

ಗೋಳಗುಮ್ಮಟ ಮೊಹಮ್ಮದ್ ಆದಿಲ್ ಶಾಹಿಯ ಸಮಾಧಿ. ಅವನು 1627ರಿಂದ 1656ರವರೆಗೆ ಆಳಿದ. ಗುಮ್ಮಟದ ಹೊರಗಿನ ಅಡ್ಡಳತೆ ಸುಮಾರು 44 ಮೀಟರ್. ಅಷ್ಟು ದೊಡ್ಡ ಒಳಾಂಗಣದಲ್ಲಿ ಒಂದೂ ಕಂಬವಿಲ್ಲ. ಒಂದನ್ನೊಂದು ಕತ್ತರಿಸಿಕೊಂಡು ಹೋಗುವ ಕಮಾನುಗಳೇ ಅಷ್ಟು ಭಾರವನ್ನು ಹೊತ್ತು ಗೋಡೆಗಳಿಗೆ ಇಳಿಸುತ್ತವೆ. ಸಿವಿಲ್ ಓದಿದ ಗೆಳೆಯರು ಇದ್ದರೆ ಅವರನ್ನು ಜೊತೆಗೆ ಕರೆದುಕೊಂಡು ಬನ್ನಿ, ಕತ್ತೆತ್ತಿ ನಿಂತವರು ಬೇಗ ಇಳಿಸುವುದಿಲ್ಲ.

ಒಳಗೆ ಹೋದ ಕೂಡಲೇ ನಡುವೆ ಕಟ್ಟೆಯ ಮೇಲೆ ಗೋರಿಗಳು ಕಾಣುತ್ತವೆ. ನಿಜವಾದ ಗೋರಿಗಳು ಅದರ ಕೆಳಗಿನ ನೆಲಮಾಳಿಗೆಯಲ್ಲಿವೆ. ಸುಲ್ತಾನ, ಅವನ ಬೇಗಂಗಳು, ಅವನ ಪ್ರೀತಿಯ ರಂಭಾ, ಮಗಳು, ಮೊಮ್ಮಗ. ಒಂದು ಮನೆತನವೇ ಅಲ್ಲಿದೆ.

ನಮ್ಮ ಟೀಮಿನ ಒಬ್ಬ ಜರ್ಮನ್ ಸಹೋದ್ಯೋಗಿಯನ್ನು ಕರೆದುಕೊಂಡು ಹೋದಾಗ ಆ ಕಟ್ಟೆ ನೋಡಿ ನಿಂತ. ಇದು ಏನು ಅಂತ ಕೇಳಿ ತಿಳಿದುಕೊಂಡ. “ಹಾಗಾದರೆ ಇಲ್ಲಿ ಜೋರಾಗಿ ಮಾತಾಡಬಹುದಾ?” ಅಂದ. ಅಷ್ಟು ವರ್ಷದಲ್ಲಿ ನಾನು ಕರೆದುಕೊಂಡು ಹೋದವರಲ್ಲಿ ಆ ಪ್ರಶ್ನೆ ಕೇಳಿದವನು ಅವನೊಬ್ಬನೇ. ಅದೇ ಹೊತ್ತಿಗೆ ಮೇಲಿನ ಗ್ಯಾಲರಿಯಿಂದ ಯಾರೋ ತಮ್ಮ ಹೀರೋ ಹೆಸರು ಹಿಡಿದು ಜೈಕಾರ ಹಾಕುತ್ತಿದ್ದರು. ಅದು ಏಳು ಸಲ ಪ್ರತಿಧ್ವನಿಸಿ ಕೆಳಗೆ ಬರುತ್ತಿತ್ತು.

ಪ್ರತಿಧ್ವನಿ ಕೇಳಬೇಡಿ ಅಂತ ನಾನು ಹೇಳುವುದಿಲ್ಲ, ಅದಕ್ಕೇ ಎಲ್ಲರೂ ಬರುವುದು. ಆದರೆ ಗುಮ್ಮಟದ ನಿಜವಾದ ಚಮತ್ಕಾರ ಕೂಗಿನಲ್ಲಿ ಇಲ್ಲ, ಪಿಸುಮಾತಿನಲ್ಲಿದೆ. ಒಬ್ಬರು ಗ್ಯಾಲರಿಯ ಈ ಬದಿ, ಇನ್ನೊಬ್ಬರು ನೇರ ಎದುರು ಬದಿ, ಇಬ್ಬರೂ ಗೋಡೆ ಕಡೆ ಮುಖ ಮಾಡಿ ಕೂಡಿ. ಗೋಡೆಗೆ ಹೇಳುವ ಹಾಗೆ ಮೆಲ್ಲಗೆ ಮಾತಾಡಿ. ಸುಮಾರು 38 ಮೀಟರ್ ಆಚೆ ಇರುವವರಿಗೆ ಕಿವಿಯಲ್ಲಿ ಹೇಳಿದ ಹಾಗೆ ಕೇಳಿಸುತ್ತದೆ. ದನಿ ನಡುವಿನ ಗಾಳಿಯಲ್ಲಿ ಚದುರಿ ಹೋಗದೆ ಬಾಗಿದ ಗೋಡೆಯನ್ನೇ ಹಿಡಿದು ಸುತ್ತಿ ಬರುತ್ತದೆ. ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚಿನಲ್ಲೂ ಇಂಥದೇ ಗ್ಯಾಲರಿ ಇದೆ. ಸಿ.ವಿ. ರಾಮನ್ ಅವರೂ ಇಂಥ ಗ್ಯಾಲರಿಗಳ ಅಧ್ಯಯನ ಮಾಡಿ, ಗೋಳಗುಮ್ಮಟವನ್ನೂ ಅದರಲ್ಲಿ ಸೇರಿಸಿದ್ದರು. ಸುತ್ತ ಹತ್ತು ಜನ ಕೂಗುತ್ತಿದ್ದರೆ ಈ ಪಿಸುಮಾತು ಸಾಯುತ್ತದೆ. ಅದಕ್ಕೇ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ. ಶಾಲಾ ಟೂರ್ ಬಸ್ಸುಗಳು ಬಂದ ಮೇಲೆ ಆಸೆ ಬಿಡಿ.

ಇನ್ನೆರಡು ವಿಷಯ. ಮೇಲೆ ಹೋಗಲು ಲಿಫ್ಟ್ ಇಲ್ಲ. ಮೂಲೆಯ ಏಳು ಅಂತಸ್ತಿನ ಗೋಪುರದೊಳಗಿನ ಇಕ್ಕಟ್ಟಾದ ಮೆಟ್ಟಿಲನ್ನೇ ಹತ್ತಬೇಕು. ಮೊಣಕಾಲು ನೋವಿರುವ ತಂದೆ ತಾಯಿಯನ್ನು ಕರೆತಂದಿದ್ದರೆ ಅವರನ್ನು ಕೆಳಗೇ ನೆರಳಿನಲ್ಲಿ ಕೂರಿಸಿ. ಮುಂದಿರುವ ನಗಾರಖಾನೆಯಲ್ಲಿ ಪುರಾತತ್ವ ಇಲಾಖೆಯ ಮ್ಯೂಸಿಯಂ ಇದೆ, ಅದಕ್ಕೆ ಶುಕ್ರವಾರ ರಜೆ.

ಇದು ಮ್ಯೂಸಿಯಂ ಅಲ್ಲ, ಮಸೀದಿ

ಜಾಮಿಯಾ ಮಸೀದಿಯನ್ನು ಮೊದಲನೆಯ ಅಲಿ ಆದಿಲ್ ಶಾಹಿ ಕಟ್ಟಿಸಲು ಶುರು ಮಾಡಿದ. ನೆಲದ ಮೇಲೆ ಒಬ್ಬೊಬ್ಬರು ನಮಾಜಿಗೆ ನಿಲ್ಲುವಷ್ಟು ಜಾಗದ ಚೌಕಗಳಿವೆ, ಎರಡು ಸಾವಿರಕ್ಕೂ ಹೆಚ್ಚು. ಆ ಗೆರೆಗಳನ್ನು ಹಾಕಿಸಿದ್ದು ಔರಂಗಜೇಬ ಅಂತ ಹೇಳುತ್ತಾರೆ. ಪಶ್ಚಿಮದ ಗೋಡೆಯ ಚಿನ್ನದ ಬಣ್ಣದ ಕೆತ್ತನೆ ನೋಡಲೇಬೇಕು.

ಇಲ್ಲಿ ಈಗಲೂ ನಮಾಜು ನಡೆಯುತ್ತದೆ. ಶುಕ್ರವಾರ ಮಧ್ಯಾಹ್ನ ನೋಡಲು ಹೋಗಬೇಡಿ. ಬೇರೆ ದಿನಗಳಲ್ಲೂ ಮೊಣಕಾಲು, ಭುಜ ಮುಚ್ಚುವ ಬಟ್ಟೆ ಇರಲಿ; ಚಪ್ಪಲಿ ಹೊರಗೆ. ನಮಾಜು ಮಾಡುತ್ತಿರುವವರ ಮುಂದೆ ಅಡ್ಡ ಹಾಯಬಾರದು, ಅವರ ಮುಖಕ್ಕೆ ಕ್ಯಾಮೆರಾ ಹಿಡಿಯಬಾರದು. ಹತ್ತಿರದಲ್ಲಿರುವ ಅಸರ್ ಮಹಲನ್ನು 1646ರಲ್ಲಿ ನ್ಯಾಯದ ಕಟ್ಟೆಯಾಗಿ ಕಟ್ಟಿಸಿದ್ದು. ಆಮೇಲೆ ಪ್ರವಾದಿಯವರ ಕೂದಲನ್ನು ಅಲ್ಲಿ ಇಟ್ಟಿದ್ದಾರೆ ಎಂಬ ನಂಬಿಕೆಯಿಂದ ಅದು ಪವಿತ್ರ ಸ್ಥಳವಾಯಿತು. ಒಳಗೆ ಹೆಂಗಸರಿಗೆ ಪ್ರವೇಶವಿಲ್ಲ. ನಿಮಗೆ ಆ ನಿಯಮ ಒಪ್ಪಿಗೆಯಾಗದೆ ಇರಬಹುದು. ಬಾಗಿಲಲ್ಲಿ ನಿಂತ ಮುದುಕನ ಹತ್ತಿರ ವಾದ ಮಾಡಿ ಅದು ಬದಲಾಗುವುದಿಲ್ಲ. ಹೊರಗಿನ ಕೊಳ, ಎತ್ತರದ ಮರದ ಕಂಬಗಳು ಹೊರಗಿನಿಂದಲೇ ಕಾಣುತ್ತವೆ.

ಸಿದ್ಧೇಶ್ವರ ಗುಡಿಗೂ ಇದೇ ಮಾತು. ಸಂಕ್ರಾಂತಿಯ ಜಾತ್ರೆ ಹೊತ್ತಿಗೆ ಬಂದರೆ ಇಡೀ ಊರು ಬೀದಿಯಲ್ಲಿರುತ್ತದೆ. ಆಗ ರೂಮು ಸಿಗುವುದು ಕಷ್ಟ, ಮೊದಲೇ ಬುಕ್ ಮಾಡಿ.

ಹೋಟೆಲಿನಿಂದ ಹೊರಡುವಾಗ ಬ್ಯಾಗಿನಲ್ಲಿ ಒಂದು ಜೊತೆ ಸಾಕ್ಸ್ ಹಾಕಿಕೊಳ್ಳಿ. ಚಪ್ಪಲಿ ಬಿಟ್ಟು ಬಿಸಿಲಲ್ಲಿ ಕಾದ ಕಲ್ಲಿನ ಮೇಲೆ ನಡೆಯುವಾಗ ನನ್ನನ್ನು ನೆನೆಯುತ್ತೀರಿ.

ಇತಿಹಾಸದ ವಾದ ಮನೆಯಲ್ಲಿ ಬಿಟ್ಟು ಬನ್ನಿ

ಇಬ್ರಾಹಿಂ ರೋಜಾ ನನಗೆ ಗೋಳಗುಮ್ಮಟಕ್ಕಿಂತ ಹೆಚ್ಚು ಇಷ್ಟ. ಎರಡನೆಯ ಇಬ್ರಾಹಿಂ, ಅವನ ಬೇಗಂ ತಾಜ್ ಸುಲ್ತಾನಾ ಇಬ್ಬರೂ ಅಲ್ಲಿದ್ದಾರೆ. ಕಟ್ಟಿದವನು ಮಲಿಕ್ ಸಂದಲ್. ಕಿಟಕಿಯ ಜಾಲಂಧ್ರಗಳನ್ನು ಹತ್ತಿರ ಹೋಗಿ ನೋಡಿ. ಅಕ್ಷರಗಳನ್ನೇ ಕಲ್ಲಿನಲ್ಲಿ ಕೊರೆದು ಬೆಳಕು ಬರುವ ಹಾಗೆ ಮಾಡಿದ್ದಾರೆ.

ಈ ಇಬ್ರಾಹಿಮನನ್ನು ಜನ ಜಗದ್ಗುರು ಅಂತ ಕರೆದರು. ಅವನು ದಖನಿಯಲ್ಲಿ ಬರೆದ ‘ಕಿತಾಬ್-ಎ-ನೌರಸ್’ ಹಾಡುಗಳಲ್ಲಿ ಸರಸ್ವತಿ ಇದ್ದಾಳೆ, ಗಣಪತಿ ಇದ್ದಾನೆ. ತೊರವಿಯ ಬಳಿ 1599ರಲ್ಲಿ ಹೊಸ ಊರು ಕಟ್ಟಿಸಲು ಶುರು ಮಾಡಿ ನೌರಸಪುರ ಅಂತ ಹೆಸರಿಟ್ಟ. ಅದೇ ತೊರವಿಯಲ್ಲಿ ನರಸಿಂಹನ ಗುಡಿ ಇದೆ. ‘ತೊರವೆ ರಾಮಾಯಣ’ ಬರೆದ ಕುಮಾರ ವಾಲ್ಮೀಕಿಯ ದೇವರು ಅವನು.

ಇತ್ತೀಚೆಗೆ ಕೆಲವರು ಫೋನಿನಲ್ಲಿ ಓದಿದ ಇತಿಹಾಸವನ್ನು ತಲೆ ತುಂಬ ಹೊತ್ತುಕೊಂಡು ಬರುತ್ತಾರೆ. ಗೈಡಿನ ಜೊತೆ, ಕಾವಲುಗಾರನ ಜೊತೆ ವಾದಕ್ಕೆ ನಿಲ್ಲುತ್ತಾರೆ. ಅವರು ಸಂಜೆ ಹೊರಟುಹೋಗುತ್ತಾರೆ. ಆ ಗೈಡು, ಆ ಕಾವಲುಗಾರ, ಹೂವಿನವಳು, ಅತ್ತರಿನವನು ನಾಳೆಯೂ ಇದೇ ಊರಿನಲ್ಲಿ ಒಬ್ಬರ ಪಕ್ಕ ಒಬ್ಬರು ಅಂಗಡಿ ತೆರೆಯಬೇಕು. ಕೇಳಲು ಎಷ್ಟು ಬೇಕಾದರೂ ಪ್ರಶ್ನೆ ತನ್ನಿ. ಉತ್ತರಗಳನ್ನು ಮಾತ್ರ ಮೊದಲೇ ತರಬೇಡಿ.

ರೊಟ್ಟಿ ಸಾಕು ಅನ್ನುವುದೂ ಒಂದು ವಿದ್ಯೆ

ಖಾನಾವಳಿಗೆ ಹೋಗಿ. ಲಿಂಗಾಯತ ಖಾನಾವಳಿ ಅಂತ ಬೋರ್ಡ್ ಇದ್ದರೆ ಸಸ್ಯಾಹಾರ, ಸಾವಜಿ ಅಂತ ಇದ್ದರೆ ಮಟನ್, ಚಿಕನ್. ಕೂತ ಕೂಡಲೇ ಬಿಸಿ ರೊಟ್ಟಿಯೋ ಖಡಕ್ ರೊಟ್ಟಿಯೋ ಅಂತ ಕೇಳುತ್ತಾರೆ. ಜೊತೆಗೆ ಬದನೆಕಾಯಿ ಎಣಗಾಯಿ, ಕಾಳಿನ ಪಲ್ಯ, ಶೇಂಗಾ ಹಿಂಡಿ, ಹಸಿ ಉಳ್ಳಾಗಡ್ಡಿ, ಮೊಸರು. ಹಿಂಡಿ ಅಂದರೆ ಚಟ್ನಿ ಪುಡಿ, ದನಕ್ಕೆ ಹಾಕುವ ಹಿಂಡಿ ಅಲ್ಲ. ಉಳ್ಳಾಗಡ್ಡಿ ಅಂದರೆ ಈರುಳ್ಳಿ. ಖಾರ ಜಾಸ್ತಿ ಅನಿಸಿದರೆ ನೀರು ಕುಡಿಯಬೇಡಿ, ಮೊಸರು ಕೇಳಿ.

ತಟ್ಟೆಯಲ್ಲಿ ರೊಟ್ಟಿ ಖಾಲಿಯಾದ ಹಾಗೆ ಇನ್ನೊಂದು ಬಂದು ಬೀಳುತ್ತದೆ. ಒಮ್ಮೆ “ಸಾಕು” ಅಂದರೆ ನಾಚಿಕೆ ಅಂತ ತಿಳಿಯುತ್ತಾರೆ. ತಟ್ಟೆಯ ಮೇಲೆ ಅಂಗೈ ಅಡ್ಡ ಹಿಡಿದು “ಸಾಕ್ರೀ ಅಕ್ಕಾರ, ಹೊಟ್ಟಿ ತುಂಬೇತಿ” ಅನ್ನಬೇಕು. ಹಾಕಿಸಿಕೊಂಡು ಬಿಡುವುದು ಮಾತ್ರ ಬೇಡ. ಮಳೆ ನಂಬಿ ಜೋಳ ಬೆಳೆಯುವ ಸೀಮೆ ಇದು. ತಟ್ಟೆಯಲ್ಲಿ ರೊಟ್ಟಿ ಬಿಟ್ಟು ಏಳುವುದನ್ನು ಯಾರೂ ಬಾಯಿಬಿಟ್ಟು ಬೈಯುವುದಿಲ್ಲ, ನೋಡಿ ಸುಮ್ಮನಾಗುತ್ತಾರೆ.

ಯಾರಾದರೂ ಮನೆಗೆ ಕರೆದರೆ ಹೋಗಿ. ಚಪ್ಪಲಿ ಹೊರಗೆ ಬಿಡಿ. ಮೊದಲು ತಂಬಿಗೆಯಲ್ಲಿ ನೀರು ಬರುತ್ತದೆ, ಬಾಯಾರಿಕೆ ಇಲ್ಲದಿದ್ದರೂ ಒಂದು ಗುಟುಕು ಕುಡಿಯಿರಿ. ಚಹಾ ಬೇಡ ಅನ್ನಬೇಡಿ, “ಅರ್ಧ ಕಪ್ ಸಾಕ್ರೀ” ಅನ್ನಿ. ಮಧ್ಯಾಹ್ನವಾಗಿದ್ದರೆ ಊಟದ ಒತ್ತಾಯ ಶುರುವಾಗುತ್ತದೆ. ನಮ್ಮ ಅವ್ವನಂತೂ ಬಂದವರು ಊಟ ಮಾಡದೆ ಹೊರಟರೆ ನನಗೆ ಫೋನ್ ಹಚ್ಚಿ ದೂರು ಹೇಳುತ್ತಾಳೆ. ಊಟ ಮಾಡಿದ ಮೇಲೆ ದುಡ್ಡು ಕೊಡಲು ಹೋಗಬೇಡಿ, ಅದಕ್ಕಿಂತ ದೊಡ್ಡ ಅವಮಾನ ಬೇರೆ ಇಲ್ಲ. ಹೋಗುವಾಗಲೇ ಒಂದಿಷ್ಟು ಹಣ್ಣು ತೆಗೆದುಕೊಂಡು ಹೋಗಿ ಮಕ್ಕಳ ಕೈಗೆ ಕೊಡಿ.

ಬಾವಿ ಕಸದ ಬುಟ್ಟಿಯಲ್ಲ

ಸುಲ್ತಾನರ ಕಾಲದ ನಿಜವಾದ ಸಾಧನೆ ಗುಮ್ಮಟವಲ್ಲ, ನೀರು ಅನ್ನುವವನು ನಾನು. ಬರದ ನೆಲದ ಮೇಲೆ ಇಷ್ಟು ದೊಡ್ಡ ರಾಜಧಾನಿ ನಡೆಸಲು ತೊರವಿ ಕಡೆಯಿಂದ, ಬೇಗಂ ತಾಲಾಬಿನಿಂದ ನೆಲದೊಳಗೆ ಸುರಂಗ, ಕೊಳವೆ ಮಾಡಿ ಊರಿಗೆ ನೀರು ತಂದರು. ಈ ಕರೇಜ್ ವ್ಯವಸ್ಥೆ ಇರಾನಿನ ಕಡೆಯ ವಿದ್ಯೆ. ಸುರಂಗ ಬಾವಡಿಯ ಮಹತ್ವ ಗುರುತಿಸಿ ದಖ್ಖನ್ನಿನ ಹಳೆಯ ಜಲವ್ಯವಸ್ಥೆಯನ್ನು 2020ರ ವರ್ಲ್ಡ್ ಮಾನ್ಯುಮೆಂಟ್ಸ್ ವಾಚ್ ಪಟ್ಟಿಗೆ ಸೇರಿಸಲಾಯಿತು. ತಾಜ್ ಬಾವಡಿಯನ್ನು 1620ರಲ್ಲಿ ಕಟ್ಟಿಸಿದ್ದು, ರೋಜಾ ಕಟ್ಟಿದ ಮಲಿಕ್ ಸಂದಲ್‌ನೇ. ಹೆಸರು ತಾಜ್ ಸುಲ್ತಾನಾದು.

ಇಂಥ ಬಾವಿಯ ಮೆಟ್ಟಿಲ ಮೇಲೆ ಕೂತು ಫೋಟೋ ತೆಗೆಸಿಕೊಳ್ಳಿ, ಆದರೆ ನೀರಿನ ಬಾಟಲಿ, ಕುರುಕುರೆ ಪ್ಯಾಕೆಟ್ ಜೇಬಿಗೆ ಹಾಕಿಕೊಂಡು ಎದ್ದೇಳಿ. ಕೊಡ ಹೊತ್ತು ನೀರಿಗಾಗಿ ಸಾಲು ನಿಂತ ನೆನಪು ಈ ಜಿಲ್ಲೆಯ ಬಹಳ ಮನೆಗಳಲ್ಲಿದೆ. ಹೋಟೆಲಿನಲ್ಲೂ ನಲ್ಲಿ ತಿರುಗಿಸುವಾಗ ಅದು ನೆನಪಿರಲಿ.

ತೋಟಕ್ಕೆ ಹೋಗುವವರಿಗೆ

ಎರಡನೆಯ ದಿನ ಸಮಯವಿದ್ದರೆ ಊರಿಂದ ಪಶ್ಚಿಮಕ್ಕೆ ಹೊರಡಿ. ತೊರವಿ ದಾಟಿ ಸುಮಾರು ಇಪ್ಪತ್ತು ಕಿಲೋಮೀಟರಿನಲ್ಲಿ ತಿಕೋಟಾ. ದ್ರಾಕ್ಷಿಯ ಸೀಮೆ. ಬಬಲೇಶ್ವರದ ಕಡೆ ಹೋದರೆ ಮಮದಾಪುರದಲ್ಲಿ ಆದಿಲ್ ಶಾಹಿ ಕಾಲದ ದೊಡ್ಡ ಕೆರೆ ಇದೆ. ಇತ್ತೀಚಿನ ವರ್ಷಗಳಲ್ಲಿ ಏತ ನೀರಾವರಿಯಿಂದ ಕೃಷ್ಣೆಯ ನೀರು ಈ ಕಡೆ ಹರಿದು ಬಂದ ಮೇಲೆ ಹೊಲಗಳ ಬಣ್ಣವೇ ಬದಲಾಗಿದೆ.

ಫೆಬ್ರವರಿಯಿಂದ ಏಪ್ರಿಲ್‌ವರೆಗೆ ರಸ್ತೆ ಬದಿಯಲ್ಲಿ ಹಸಿರು ನೆರಳು ಬಟ್ಟೆ ಹೊದ್ದ ಉದ್ದನೆಯ ಶೆಡ್ಡುಗಳು ಕಾಣುತ್ತವೆ. ಅಲ್ಲಿ ದ್ರಾಕ್ಷಿ ಒಣಗಿ ಒಣದ್ರಾಕ್ಷಿ ಆಗುತ್ತಿರುತ್ತದೆ. ಕೊಯ್ದ ಗೊಂಚಲನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಬೆರೆಸಿದ ನೀರಿನಲ್ಲಿ ಅದ್ದುತ್ತಾರೆ. ಹಣ್ಣಿನ ಮೇಲಿನ ಮೇಣದ ಪದರ ಸಡಿಲವಾಗಿ ಒಳಗಿನ ನೀರು ಬೇಗ ಆರುತ್ತದೆ. ಆಮೇಲೆ ಬಲೆಯ ಅಂತಸ್ತುಗಳ ಮೇಲೆ ನೆರಳಿನಲ್ಲಿ ಹರಡಿ ಸುಮಾರು ಎರಡು ವಾರ ಒಣಗಿಸುತ್ತಾರೆ. ಆ ಎರಡು ವಾರದಲ್ಲಿ ಅಕಾಲದ ಮಳೆ ಬಂದರೆ ವರ್ಷದ ದುಡಿಮೆ ಹೋಯಿತು.

ಹಾಗಾಗಿ ಇಲ್ಲಿ ಮೂರು ಮಾತು ನೆನಪಿಡಿ. ಶೆಡ್ಡಿನ ಪಕ್ಕದ ಮಣ್ಣಿನ ದಾರಿಯಲ್ಲಿ ಗಾಡಿ ನಿಧಾನ ಓಡಿಸಿ, ಎದ್ದ ಧೂಳು ಹೋಗಿ ಕೂಡುವುದು ಹಣ್ಣಿನ ಮೇಲೆ. ಕೇಳದೆ ತೋಟದೊಳಗೆ ಹೋಗಬೇಡಿ. ಬಳ್ಳಿಯಿಂದ ನೀವೇ ಕಿತ್ತು ತಿನ್ನಬೇಡಿ; ಅದು ಒಬ್ಬರ ಬೆಳೆ, ಮೇಲಾಗಿ ಹಿಂದಿನ ದಿನವಷ್ಟೇ ಔಷಧ ಹೊಡೆದಿರಬಹುದು. “ನೋಡಬಹುದೇನ್ರೀ?” ಅಂತ ಬದುವಿನ ಮೇಲೆ ನಿಂತು ಕೇಳಿ ನೋಡಿ. ತಿಕೋಟಾ ಕಡೆ ನಮ್ಮ ಕಾಕಾನ ತೋಟಕ್ಕೆ ಹಾಗೆ ಕೇಳಿ ಬಂದವರು ಯಾರೂ ಬರಿಗೈಲಿ ಹೋಗಿಲ್ಲ.

ಫೋಟೋ ವಿಷಯವೂ ಅಷ್ಟೇ. ಕನ್ನಡಿ ಕಸೂತಿಯ ಬಟ್ಟೆ ತೊಟ್ಟ ಲಂಬಾಣಿ ಅಜ್ಜಿ, ಹೊಲದಲ್ಲಿ ಕೆಲಸ ಮಾಡುವ ಹೆಂಗಸರು, ಆಡುವ ಮಕ್ಕಳು ನಿಮ್ಮ ರೀಲ್ಸ್‌ಗಾಗಿ ಅಲ್ಲಿ ನಿಂತಿಲ್ಲ. ಕೇಳಿ. ಬೇಡ ಅಂದರೆ ಫೋನ್ ಕೆಳಗಿಳಿಸಿ. ಹೂಂ ಅಂದರೆ ತೆಗೆದು ಅವರಿಗೂ ತೋರಿಸಿ.

ಎರಡು ದಿನ ಹೀಗೆ ಹಂಚಿಕೊಳ್ಳಿ

ಮೊದಲ ದಿನ ಬೆಳಿಗ್ಗೆ ಬೇಗ ಗೋಳಗುಮ್ಮಟ, ಆಮೇಲೆ ಮ್ಯೂಸಿಯಂ, ಜಾಮಿಯಾ ಮಸೀದಿ, ಅಸರ್ ಮಹಲ್. ಮಧ್ಯಾಹ್ನ ಖಾನಾವಳಿ ಊಟ, ನಿದ್ದೆ. ಸಂಜೆ ಬಾರಾ ಕಮಾನ್. ಎರಡನೆಯ ಅಲಿ ಆದಿಲ್ ಶಾಹಿಯ ಮುಗಿಯದ ಸಮಾಧಿ ಅದು. ಬಾನಿನ ಕೆಳಗೆ ಕಮಾನುಗಳಷ್ಟೇ ನಿಂತಿವೆ. ಸೂರ್ಯ ಮುಳುಗುವ ಹೊತ್ತಿಗೆ ಉಪಲಿ ಬುರುಜಿನ ಹೊರಮೆಟ್ಟಿಲು ಹತ್ತಿದರೆ ಇಡೀ ಊರು ಕಾಣುತ್ತದೆ.

ಎರಡನೆಯ ದಿನ ಬೆಳಿಗ್ಗೆ ಇಬ್ರಾಹಿಂ ರೋಜಾ, ತಾಜ್ ಬಾವಡಿ, ಮಲಿಕ್-ಎ-ಮೈದಾನ್ ತೋಪು. 1549ರಲ್ಲಿ ಅಹ್ಮದನಗರದಲ್ಲಿ ಎರಕ ಹೊಯ್ದ ಈ ತೋಪು ಸುಮಾರು 55 ಟನ್ ತೂಕ. ಅದರ ಬಾಯಿ ಆನೆಯನ್ನು ಕಚ್ಚಿ ಹಿಡಿದ ಮೃಗದ ಬಾಯಿಯ ಹಾಗಿದೆ. ಮೇಲೆ ಹತ್ತಿ ಕೂಡಬೇಡಿ. ಅಲ್ಲಿಂದ ತೊರವಿ, ತಿಕೋಟಾ. ಊರೊಳಗೆ ಒಮ್ಮೆಯಾದರೂ ಟಾಂಗಾ ಹತ್ತಿ. ಹತ್ತುವ ಮುಂಚೆ ಬಾಡಿಗೆ ಮಾತಾಡಿಕೊಳ್ಳಿ, ಮಾತಾಡಿದ ಮೇಲೆ ಇಳಿಯುವಾಗ ಚೌಕಾಸಿ ಬೇಡ.

ಹೊರಡುವ ದಿನ ಯಾರಿಗಾದರೂ ವಿದಾಯ ಹೇಳುವಾಗ “ಹೋಗ್ತೀನಿ” ಅನ್ನಬೇಡಿ. ಮನೆಯಿಂದಾಗಲಿ, ಖಾನಾವಳಿಯಿಂದಾಗಲಿ, ಇಲ್ಲಿ ಯಾರೂ ಹಾಗೆ ಹೇಳಿ ಹೊರಡುವುದಿಲ್ಲ. “ಬರ್ತೀನ್ರೀ” ಅನ್ನಿ. “ಹೊಳ್ಳಿ ಬರ್ರಿ” ಅಂತ ಉತ್ತರ ಬರುತ್ತದೆ. ಈಗ ಅದರ ಅರ್ಥ ನಿಮಗೆ ಗೊತ್ತು.